ಮೂರು ತಿಂಗಳ ಕೇಬಲ್ ಪ್ಯಾಕ್: ಕೋಟಿ ಇದೆ, ಬಾಡಿಗೆ ಇಲ್ಲ

ಮೂರು ತಿಂಗಳ ಹಿಂದೆ ನಮ್ಮ ಮನೆಗೆ ಕೇಬಲ್ ವಾಪಸ್ ಬಂತು. ಅತ್ತೆಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಿದ ಮೇಲೆ ಅವರು ಹಾಸನದ ಕಡೆಯ ಊರು ಬಿಟ್ಟು ಬೆಂಗಳೂರಿಗೆ, ನಮ್ಮ ಮನೆಗೇ ಬಂದಿದ್ದಾರೆ. ಹಗಲೆಲ್ಲ ಒಬ್ಬರೇ ಇರುತ್ತಾರೆ. ಫೋನಿನಲ್ಲಿ ಸೀರಿಯಲ್ ಹಾಕಿಕೊಟ್ಟರೆ ಕಣ್ಣು ಉರಿಯುತ್ತೆ ಅಂತಾರೆ, ದನಿಯೂ ಸಾಲಲ್ಲ. ಅದಕ್ಕೇ ಏರಿಯಾದ ಕೇಬಲ್‌ನವರನ್ನು ಕರೆಸಿ ಕನ್ನಡ ಪ್ಯಾಕ್ ಹಾಕಿಸಿದೆವು. ಮೂರು ತಿಂಗಳು ದಿನಾ ನೋಡಿ ಆಯ್ತು. ಹಾಕಿಸಬೇಕಾ ಬೇಡವಾ ಅಂತ ಯೋಚನೆ ಮಾಡುತ್ತಿರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಕನೆಕ್ಷನ್ ಮಾತು ಮುಗಿಸಿಬಿಡುತ್ತೇನೆ. ತಿಂಗಳಿಗೆ 340 ರೂಪಾಯಿ, ಬಾಕ್ಸಿಗೆ ಒಂದು ಸಲ 1,200. ಚಿತ್ರ ಚೆನ್ನಾಗಿ ಬರುತ್ತೆ. ಜೋರು ಮಳೆ ಬಂದಾಗ ಎರಡು ಸಲ ಹೋಗಿತ್ತು, ಫೋನ್ ಮಾಡಿದ ಮೇಲೆ ಸಂಜೆಯೊಳಗೆ ಹುಡುಗ ಬಂದು ಸರಿ ಮಾಡಿದ. 2019ರಲ್ಲಿ ಟ್ರಾಯ್ (ಕೇಬಲ್, ಫೋನ್ ಕಂಪನಿಗಳನ್ನು ನಿಯಂತ್ರಿಸುವ ಕೇಂದ್ರದ ಸಂಸ್ಥೆ) ಹೊಸ ನಿಯಮ ತಂದಾಗ ಮೊದಲ 100 ಚಾನೆಲ್‌ಗೆ 130 ರೂಪಾಯಿ, ಶೇ 18 ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ, ದುಡ್ಡಿನ ಚಾನೆಲ್‌ಗಳಿಗೆ ಬೇರೆ ಅಂತ ಇತ್ತು. ಹಳೇ ಖರ್ಚಿನ ಪುಸ್ತಕ ತೆಗೆದು ನೋಡಿದರೆ ಆ 40 ಪೈಸೆಯನ್ನೂ ಬರೆದಿಟ್ಟಿದ್ದೇನೆ. ಹಾಕಿಸುವಾಗ ಒಂದು ಕೇಳಿ ನೋಡಿ: ಇಡೀ ಪ್ಯಾಕ್ ಬೇಡ, ನಮಗೆ ಬೇಕಾದ ಚಾನೆಲ್ ಬಿಡಿಬಿಡಿಯಾಗಿ ಕೊಡಿ ಅಂತ. ಹಾಗೆ ತಗೊಳ್ಳೋಕೆ ನಿಯಮದಲ್ಲಿ ಅವಕಾಶ ಇದೆ. ಚಂದನ ಬರೋದಕ್ಕೆ ಹೇಗೂ ದುಡ್ಡಿಲ್ಲ. ಅಷ್ಟೇ, ಕನೆಕ್ಷನ್ ಬಗ್ಗೆ ನನ್ನದೇನೂ ದೂರಿಲ್ಲ.

ನಾನು ಬರೆಯೋಕೆ ಕೂತಿದ್ದು ಆ ತಂತಿಯಲ್ಲಿ ಬರುವ ಸರಕಿನ ಬಗ್ಗೆ. ಸಂಜೆ ಆರರಿಂದ ಹತ್ತೂವರೆ ತನಕ ಸಾಲಾಗಿ ಸೀರಿಯಲ್, ಭಾನುವಾರ ಸಿನಿಮಾ. ನಾನು ಒಂದು ಸಿಮೆಂಟ್, ಕಬ್ಬಿಣದ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ಹನ್ನೊಂದು ವರ್ಷದಿಂದ ಅದೇ ಕೆಲಸ. ಮನೆಯಲ್ಲೂ ದಿನಾ ರಾತ್ರಿ ಖರ್ಚು ಬರೆದೇ ಮಲಗೋದು. ಹಾಗಾಗಿ ಟಿವಿಯಲ್ಲಿ ಯಾರಾದರೂ ದುಡ್ಡಿನ ಮಾತು ಎತ್ತಿದರೆ ಕಿವಿ ಅಲ್ಲಿಗೇ ಹೋಗುತ್ತೆ. ಮೊದಲ ವಾರ ಸುಮ್ನೆ ಕೇಳಿಸಿಕೊಂಡೆ. ಎರಡನೇ ವಾರದಿಂದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದುಕೊಳ್ಳುತ್ತಾ ಬಂದೆ. ಯಾವ ಮನೆಯಲ್ಲಿ ಎಷ್ಟು ದುಡ್ಡು ಹೇಳಿದರು, ಯಾತಕ್ಕೆ ಹೇಳಿದರು ಅಂತ. ಈಗ ಆ ಹಾಳೆ ನೋಡಿದರೆ ಒಂದು ಕಡೆ ಐವತ್ತು ಲಕ್ಷ, ಐದು ಕೋಟಿ, ನೂರು ಕೋಟಿ ಪ್ರಾಜೆಕ್ಟ್. ಇನ್ನೊಂದು ಕಡೆ 'ಕೈಯಲ್ಲಿ ಬಿಡಿಗಾಸಿಲ್ಲ'. ನಡುವೆ ಏನೂ ಇಲ್ಲ. ನಾವೆಲ್ಲ ಬದುಕುತ್ತಿರೋದು ಆ ನಡುವಿನಲ್ಲೇ ಅಲ್ವಾ? 14,500 ಬಾಡಿಗೆ, 2,350 ವ್ಯಾನ್ ಫೀಸು, 6,200 ಗಾಡಿ ಸಾಲದ ಕಂತು. ಇಂಥ ಒಂದು ಮೊತ್ತವನ್ನು ಯಾರ ಬಾಯಲ್ಲಾದರೂ ಕೇಳೋಕೆ ನಾನು ಕಾದು ಕೂತಿದ್ದೇನೆ.

ಮನೆಯಿಂದಲೇ ಶುರು ಮಾಡೋಣ. ಶ್ರೀಮಂತರ ಬಂಗಲೆ ಬಿಡಿ, ಎರಡು ಕಡೆಯಿಂದ ಇಳಿಯುವ ಮೆಟ್ಟಿಲು, ಹಗಲಲ್ಲೂ ಉರಿಯುವ ದೀಪದ ಗೊಂಚಲು, ಅದು ಕಥೆಗೆ ಬೇಕು ಅಂತ ಒಪ್ಪಿಕೊಳ್ಳೋಣ. ನನಗೆ ಒಪ್ಪಲಾಗದ್ದು ಬಡವರ ಮನೆ. ನಾಯಕಿ ಬಡವಿ, ಅಪ್ಪ ಇಲ್ಲ, ಅಮ್ಮ ಹೂ ಕಟ್ಟುತ್ತಾಳೆ ಅಥವಾ ಹಪ್ಪಳ ಮಾಡುತ್ತಾಳೆ. ಅವರ ಮನೆ ನೋಡಿದರೆ ಬೆಂಗಳೂರಿನಲ್ಲೇ ಬೇರೆ ಕಾಂಪೌಂಡಿನ ಒಂಟಿ ಮನೆ, ಮುಂದೆ ತುಳಸಿಕಟ್ಟೆ, ಹಾಲ್, ಅಡುಗೆಮನೆ, ಎರಡು ರೂಮು, ಹೊಸ ಬಣ್ಣ. ನಾವು ನಾಗರಭಾವಿ ಕಡೆ ಎರಡನೇ ಮಹಡಿಯಲ್ಲಿ ಒಂದು ಬೆಡ್‌ರೂಮಿನ ಮನೆಗೆ ತಿಂಗಳಿಗೆ 14,500 ಕೊಡುತ್ತೇವೆ, ಅದೂ ಎಂಟು ಮನೆ ನೋಡಿ ಚೌಕಾಸಿ ಮಾಡಿ ಸಿಕ್ಕಿದ್ದು. ಮೊದಲೆಲ್ಲ ಇಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೊಡಬೇಕಿತ್ತು, ಈಗ ಐದಾರು ತಿಂಗಳಿಗೂ ಕೆಲವರು ಒಪ್ಪುತ್ತಾರೆ. ಬಿಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳದ್ದು ಹಿಡಿದುಕೊಳ್ಳುತ್ತಾರೆ. ಹನ್ನೊಂದು ತಿಂಗಳಿಗೊಮ್ಮೆ ಅಗ್ರಿಮೆಂಟ್, ಅದರ ಜೊತೆಗೇ ಏರಿಕೆ. ಬಾಡಿಗೆ ಆಗಲ್ಲ ಅನ್ನೋರು ಎಂಟು, ಹತ್ತು ಲಕ್ಷ ಒಟ್ಟುಮಾಡಿ ಮೂರು ವರ್ಷಕ್ಕೆ ಭೋಗ್ಯಕ್ಕೆ ಹೋಗುತ್ತಾರೆ, ಆಮೇಲೆ ಆ ದುಡ್ಡು ಓನರ್ ಕಡೆಯಿಂದ ವಾಪಸ್ ಬರುತ್ತಾ ಅಂತ ಮೂರು ವರ್ಷವೂ ಎದೆಯಲ್ಲಿ ಒಂದು ಭಾರ ಹೊತ್ತೇ ಮಲಗುತ್ತಾರೆ. ಇದರಲ್ಲಿ ಕಥೆ ಇಲ್ವಾ? ಸೀರಿಯಲ್‌ನಲ್ಲಿ ಮನೆ ಓನರ್ ಬರೋದು ಪಾತ್ರೆಪಗಡ ಬೀದಿಗೆ ಎಸೆಯೋಕೆ ಮಾತ್ರ. ಮೋಟಾರ್ ಎಷ್ಟೊತ್ತಿಗೆ ಹಾಕಬೇಕು, ಊರಿಂದ ನೆಂಟರು ಬಂದರೆ ಎಷ್ಟು ದಿನ ಇರಬಹುದು ಅನ್ನೋ ಆ ದಿನನಿತ್ಯದ ಮಾತುಕತೆ ಅಲ್ಲಿ ಯಾವ ಮನೆಯಲ್ಲೂ ನಡೆಯಲ್ಲ.

2024ರ ಬೇಸಿಗೆ ಬೆಂಗಳೂರಿನವರಿಗೆಲ್ಲ ನೆನಪಿರುತ್ತೆ. ಬೋರ್‌ವೆಲ್ ಬತ್ತಿ ಟ್ಯಾಂಕರ್‌ನವರು ಬಾಯಿಗೆ ಬಂದ ರೇಟು ಹೇಳೋಕೆ ಶುರುಮಾಡಿದ್ದರು. ಮಾರ್ಚ್‌ನಲ್ಲಿ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000 ರೂಪಾಯಿ ಅಂತ ದರ ಕಟ್ಟಬೇಕಾಯಿತು. ನಮ್ಮ ಬಿಲ್ಡಿಂಗಿನ ಆರು ಮನೆಯವರು ವಾರಕ್ಕೊಮ್ಮೆ ಮೆಟ್ಟಿಲ ಮೇಲೆ ಕೂತು ಟ್ಯಾಂಕರ್ ದುಡ್ಡು ಭಾಗ ಮಾಡುತ್ತಿದ್ದೆವು. ನಾಲ್ಕು ಜನ ಇರೋ ಮನೆಗೂ ಇಬ್ಬರಿರೋ ಮನೆಗೂ ಒಂದೇ ಪಾಲು ಹೇಗೆ ಅಂತ ಜಗಳ. ಜಗಳ ಆಡಿದವರೇ ಮರುದಿನ ಒಂದು ಬಿಂದಿಗೆ ಹೆಚ್ಚು ಕೊಟ್ಟರು. ಆಗ ನಾನು ಫೋನಿನಲ್ಲಿ ನೋಡುತ್ತಿದ್ದ ಸೀರಿಯಲ್‌ನಲ್ಲಿ ಅದೇ ಬೆಂಗಳೂರಿನ ಮನೆ, ಅಂಗಳಕ್ಕೆ ಪೈಪಿನಲ್ಲಿ ನೀರು ಬಿಡುತ್ತಿದ್ದರು.

ಕಾಫಿ ಬಗ್ಗೆಯೂ ಹೇಳಲೇಬೇಕು, ಇದು ನನಗಿಂತ ಅತ್ತೆಗೆ ಹೆಚ್ಚು ತಾಗಿದ್ದು. ಯಾರೇ ಮನೆಗೆ ಬರಲಿ, ಟ್ರೇ ತುಂಬಾ ಕಾಫಿ. ಜಗಳ ಶುರುವಾಗುತ್ತೆ, ಯಾರೂ ಕುಡಿಯದೆ ಎದ್ದು ಹೋಗುತ್ತಾರೆ. ಅತ್ತೆ ಇಪ್ಪತ್ತು ವರ್ಷ ಊರಿನ ಡೈರಿಗೆ ಹಾಲು ಹಾಕಿದವರು, ಬೆಳಗ್ಗೆ ನಾಲ್ಕೂವರೆಗೆ ಎದ್ದು ಕರೆದ ಹಾಲು. ಆ ಲೋಟಗಳನ್ನೇ ನೋಡುತ್ತಾ ಕೂರುತ್ತಾರೆ. 2023ರ ಆಗಸ್ಟ್‌ನಲ್ಲಿ ನಂದಿನಿ ಹಾಲು ಲೀಟರಿಗೆ 3 ರೂಪಾಯಿ ಏರಿತು, 2025ರ ಏಪ್ರಿಲ್ 1ರಿಂದ ಮತ್ತೆ 4 ರೂಪಾಯಿ. ನಮಗೆ ದಿನಕ್ಕೆ ಒಂದೂವರೆ ಲೀಟರ್ ಬೇಕು, ಆ 4 ರೂಪಾಯಿಗೇ ತಿಂಗಳಿಗೆ 180 ರೂಪಾಯಿ ಜಾಸ್ತಿ ಬಿತ್ತು. ನನಗೆ ಕಷ್ಟ ಆಯ್ತು, ಊರಲ್ಲಿ ಹಾಲು ಹಾಕುವವರಿಗೆ ಸಮಾಧಾನ ಆಯ್ತು, ಒಂದೇ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಎರಡೂ ಕಡೆಯ ಮಾತಾಡಿದೆವು. ಅತ್ತೆ ಸೊಸೆ ಜಗಳ ತೋರಿಸಬೇಕು ಅಂದರೆ ಇದನ್ನು ತೋರಿಸಲಿ. ಅದೇ ತಿಂಗಳು ಗ್ಯಾಸ್ ಸಿಲಿಂಡರ್‌ಗೂ 50 ರೂಪಾಯಿ ಏರಿತ್ತು. ತೆರೆಯ ಮೇಲಿನ ಅಡುಗೆಮನೆಯಲ್ಲಿ ಗ್ಯಾಸ್ ಖಾಲಿ ಆಗಿದ್ದನ್ನು ನಾನು ಇನ್ನೂ ನೋಡಿಲ್ಲ.

ಆಟೋ ಹತ್ತಿದ ನಾಯಕಿ ಇಳಿಯುವಾಗ ನೋಟನ್ನು ನೋಡದೆಯೇ ಕೊಟ್ಟು ಓಡಿಹೋಗುತ್ತಾಳೆ. ಚಿಲ್ಲರೆ ಇಲ್ಲ, ಮೀಟರ್ ಮಾತಿಲ್ಲ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 18. ಅದಕ್ಕೆ ಮೊದಲು 30 ಮತ್ತು 15 ಇತ್ತು. ಅದೇ ವರ್ಷ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90ಕ್ಕೆ ಹೋದಾಗ ನಮ್ಮ ಯಜಮಾನರು ಒಂದು ವಾರ ಲೆಕ್ಕ ಹಾಕಿ ಬಸ್ಸಿಗೆ ಬದಲಾದರು. ಬಸ್ಸಿನದ್ದೂ ಜನವರಿಯಲ್ಲೇ ಶೇ 15 ಏರಿತ್ತು, ಆದರೂ ಕಮ್ಮಿ. ದಿನಕ್ಕೆ ಮುಕ್ಕಾಲು ಗಂಟೆ ಜಾಸ್ತಿ ದಾರಿಯಲ್ಲೇ ಕಳೆಯುತ್ತಾರೆ. ನನ್ನದು ಶಕ್ತಿ ಯೋಜನೆಯ ಶೂನ್ಯ ಟಿಕೆಟ್. 2023ರ ಜೂನ್ 11ರಿಂದ ಈ ರಾಜ್ಯದ ಹೆಂಗಸರು ಕೈಯಲ್ಲಿ ಹಿಡಿದು ಓಡಾಡುತ್ತಿರುವ ಚೀಟಿ ಅದು, ಕೆಲಸಕ್ಕೆ, ಆಸ್ಪತ್ರೆಗೆ, ತವರಿಗೆ, ದೇವಸ್ಥಾನಕ್ಕೆ. ಅತ್ತೆಗೆ ತಿಂಗಳಿಗೆ ಗೃಹಲಕ್ಷ್ಮಿಯ 2,000 ರೂಪಾಯಿ, ಅದು ಬಂತಾ ಇಲ್ವಾ ಅಂತ ನೋಡಿಸೋಕೆ ಪಕ್ಕದ ಮನೆ ಹುಡುಗನ ಹತ್ತಿರ ಫೋನ್ ಕೊಡುತ್ತಾರೆ. ಬಂದ ದಿನ ಅವರ ಮುಖವೇ ಬೇರೆ. ಆ ದುಡ್ಡಿನಲ್ಲಿ ಮೊಮ್ಮಗಳಿಗೆ ಒಂದು ಜೊತೆ ಶೂ ತಂದರು, ಯಾರನ್ನೂ ಕೇಳದೆ. ಕನ್ನಡ ಸೀರಿಯಲ್‌ನ ಹೆಂಗಸರ ಬದುಕಿನಲ್ಲಿ ಇದ್ಯಾವುದೂ ನಡೆದೇ ಇಲ್ಲ. ಯಾವ ಪಕ್ಷ ಯಾವ ಸರ್ಕಾರ ಅನ್ನೋ ಮಾತಲ್ಲ ಇದು, ಒಂದು ಮನೆಯ ತಿಂಗಳ ಲೆಕ್ಕದಲ್ಲಿ ಬರುವ ದುಡ್ಡಿನ ಮಾತು.

ಇನ್ನು ಸೂಟ್‌ಕೇಸ್. ಭಾನುವಾರದ ಸಿನಿಮಾದಲ್ಲಿ ಒಂದು ಕೋಟಿ ಇರೋ ಸೂಟ್‌ಕೇಸನ್ನು ಒಂದು ಕೈಯಲ್ಲಿ ಬೀಸುತ್ತಾ ಬರುತ್ತಾರೆ. ನಾನು ನೋಟು ಎಣಿಸುವವಳು, ಹೇಳುತ್ತೇನೆ ಕೇಳಿ. ಈಗ ಇರೋ ದೊಡ್ಡ ನೋಟು 500ರದ್ದು. ಒಂದು ಕೋಟಿ ಅಂದರೆ 20,000 ನೋಟು, 200 ಕಟ್ಟು. ಒಂದು ನೋಟು ಒಂದು ಗ್ರಾಂಗಿಂತ ಸ್ವಲ್ಪ ಜಾಸ್ತಿ, ಎಲ್ಲಾ ಸೇರಿ ಇಪ್ಪತ್ತಮೂರು ಕೆಜಿ ಹತ್ತಿರ ಹತ್ತಿರ ಬರುತ್ತೆ. ನಮ್ಮ ಅಂಗಡಿಯ ಸಿಮೆಂಟ್ ಮೂಟೆಯ ಅರ್ಧ. ಅದಕ್ಕಿಂತ ದೊಡ್ಡ ಮಾತು, 2017ರ ಏಪ್ರಿಲ್‌ನಿಂದ ಒಂದು ವ್ಯವಹಾರಕ್ಕೆ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳೋದೇ ತಪ್ಪು, ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ. ಮನೆ ಕಟ್ಟಿಸುವವರು ಕಬ್ಬಿಣಕ್ಕೆ ಅಂತ ದುಡ್ಡಿನ ಚೀಲ ತಂದರೆ ನಾವು ಕೈಮುಗಿದು ಬ್ಯಾಂಕಿಗೆ ಹಾಕಿಸಿ ಅಂತ ಕಳಿಸುತ್ತೇವೆ.

ಆಸ್ತಿ ಪತ್ರದ ವಿಷಯ ಇದಕ್ಕಿಂತ ಕೆಟ್ಟದು, ಯಾಕೆಂದರೆ ಜನ ಇದನ್ನು ನಂಬುತ್ತಾರೆ. ಸೀರಿಯಲ್‌ನಲ್ಲಿ ಅಜ್ಜನ ಕೈ ಹಿಡಿದು ಒಂದು ಹಾಳೆಗೆ ಹೆಬ್ಬೆಟ್ಟು ಒತ್ತಿಸಿದರೆ ಆಯ್ತು, ಮನೆ, ತೋಟ, ಕಂಪನಿ ಎಲ್ಲಾ ಖಳನಾಯಕಿಯ ಹೆಸರಿಗೆ. ನಿಜದಲ್ಲಿ ಹಾಗೆ ಆಗಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಇಬ್ಬರೂ ಹೋಗಬೇಕು, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮೊದಲೇ ಅರ್ಜಿ ಹಾಕಬೇಕು, ಅಲ್ಲೇ ಫೋಟೋ, ಬೆರಳಚ್ಚು, ಸಾಕ್ಷಿಗಳು. ಕ್ರಯ ಆದರೆ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ಸು, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ನಲವತ್ತು ಲಕ್ಷದ ಸೈಟಿಗೆ ಆ ಒಂದು ಪರ್ಸೆಂಟ್ ಏರಿಕೆಯೇ 40,000 ರೂಪಾಯಿ. 'ಮಗಳಿಗೆ ಒಂದು ಪೈಸೆ ಕೊಡಲ್ಲ' ಅಂತ ಅಪ್ಪ ಗುಡುಗುತ್ತಾನೆ, ಮಗಳು ಅಳುತ್ತಾ ಹೊರಗೆ ಹೋಗುತ್ತಾಳೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲೇ ತಿದ್ದುಪಡಿ ಆಗಿದೆ, ಕರ್ನಾಟಕ ಅದಕ್ಕೂ ಮೊದಲೇ 1994ರಲ್ಲಿ ತನ್ನದೇ ತಿದ್ದುಪಡಿ ತಂದಿತ್ತು. ಹೊರಗೆ ಹೋದ ಆ ಹುಡುಗಿ ಒಬ್ಬ ವಕೀಲರ ಬಾಗಿಲು ತಟ್ಟಿದ್ದರೆ ಎಷ್ಟು ಹೆಣ್ಣುಮಕ್ಕಳಿಗೆ ಧೈರ್ಯ ಬರುತ್ತಿತ್ತು.

ಬಂಗಾರ. ಮಲಗುವಾಗಲೂ ಕಾಸಿನ ಸರ. ಮದುವೆ ಎಪಿಸೋಡು ಎರಡು ವಾರ ನಡೆಯುತ್ತೆ, ಅರಿಶಿನಕ್ಕೆ ಒಂದು ಸೆಟ್, ಮೆಹಂದಿಗೆ ಒಂದು, ಸಂಗೀತಕ್ಕೆ ಒಂದು. ನಮ್ಮ ಊರುಗಳ ಮದುವೆಯಲ್ಲಿ ಸಂಗೀತ ಅನ್ನೋ ಕಾರ್ಯಕ್ರಮವೇ ಇರಲಿಲ್ಲ, ಈಗ ಇದೆ. 2025ರಲ್ಲಿ ಹತ್ತು ಗ್ರಾಂ ಚಿನ್ನ ಒಂದು ಲಕ್ಷ ದಾಟಿತು. ತೆರೆಯ ಮೇಲಿನ ಮದುಮಗಳ ಮೈಮೇಲೆ ಕಾಲು ಕೆಜಿ ಅಂತ ಇಟ್ಟುಕೊಂಡರೂ 25 ಲಕ್ಷ. ಹೋದ ವರ್ಷ ನಮ್ಮ ನೆಂಟರ ಮನೆಯ ಮದುವೆ ಆಯ್ತು. ಹುಡುಗಿ ಕೇಳಿದ್ದು ಟಿವಿಯಲ್ಲಿ ನೋಡಿದಂಥದೇ ಹಳದಿ ಹೂವಿನ ಮಂಟಪ, ಒಂದು ಸಂಜೆಗೆ. ಅಪ್ಪನಿಗೆ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಐದು ಲಕ್ಷದ ಚೀಟಿಯನ್ನು ಮೂರನೇ ತಿಂಗಳಲ್ಲೇ ಕೂಗಿ 3 ಲಕ್ಷ 60 ಸಾವಿರಕ್ಕೆ ಎತ್ತಿದರು. ಮಿಕ್ಕ 1 ಲಕ್ಷ 40 ಸಾವಿರ ಹೋಯ್ತು, ಕಂತು ಮಾತ್ರ ಇನ್ನೂ ಹದಿನೇಳು ತಿಂಗಳು ಕಟ್ಟಬೇಕು. ಚೀಟಿ ಕೂಗುವ ಆ ಹತ್ತು ನಿಮಿಷ ನೀವು ಯಾವತ್ತಾದರೂ ಕೂತು ನೋಡಿದ್ದೀರಾ? ಯಾರಿಗೆ ಎಷ್ಟು ಅವಸರ ಇದೆ ಅಂತ ಎಲ್ಲರಿಗೂ ಗೊತ್ತಿರುತ್ತೆ, ಯಾರೂ ಬಾಯಿಬಿಟ್ಟು ಹೇಳಲ್ಲ, ಒಬ್ಬೊಬ್ಬರೂ ಐದೈದು ಸಾವಿರ ಬಿಡುತ್ತಾ ಹೋಗುತ್ತಾರೆ, ಕೊನೆಗೆ ಒಬ್ಬರ ದನಿ ಮಾತ್ರ ಉಳಿಯುತ್ತೆ. ಆ ದನಿ ಅವತ್ತು ಆ ಅಪ್ಪನದ್ದಾಗಿತ್ತು. ಅಂಥ ಒಂದು ದೃಶ್ಯ ಬರೆಯೋ ಬರಹಗಾರರು ನಮ್ಮಲ್ಲಿ ಇಲ್ಲ ಅಂತ ನಾನು ನಂಬಲ್ಲ.

ಯಾಕೆಂದರೆ ಮಾಡಿದವರಿದ್ದಾರೆ. 2015ರ 'ತಿಥಿ' ಸಿನಿಮಾ ನೋಡಿ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಅನ್ನೋ ಹಳ್ಳಿಯಲ್ಲಿ, ಆ ಭಾಗದ ಜನರನ್ನೇ ಹಾಕಿಕೊಂಡು ತೆಗೆದದ್ದು. ಅಲ್ಲಿ ಜಮೀನು ಮಾರಬೇಕಾದರೆ ಅದು ಯಾರ ಹೆಸರಿನಲ್ಲಿದೆ ಅನ್ನೋ ಪ್ರಶ್ನೆ ಬರುತ್ತೆ. ಕಾಗದಕ್ಕೆ ಖರ್ಚಿದೆ, ಸಾಲ ಕೊಡುವ ಹೆಂಗಸಿದ್ದಾಳೆ, ತಿಥಿ ಊಟಕ್ಕೂ ದುಡ್ಡು ಬೇಕು. ಇಡೀ ಕಥೆ ಎದ್ದು ನಿಂತಿರೋದೇ ಆ ದುಡ್ಡಿನ ಪರದಾಟದ ಮೇಲೆ. ಎಲ್ಲೂ ಬೇಜಾರಾಗಲ್ಲ. ಅತ್ತೆ ಅದನ್ನು ನೋಡುವಾಗ ಮಧ್ಯದಲ್ಲಿ ನೀರು ಕುಡಿಯೋಕೂ ಏಳಲಿಲ್ಲ.

ಈಗ ಆಸ್ಪತ್ರೆಯ ಮಾತು. ಇದನ್ನು ಬರೆಯೋಕೇ ನಾನು ಕೂತಿದ್ದು.

ಸೀರಿಯಲ್‌ನ ಆಸ್ಪತ್ರೆ ನಿಮಗೆ ಗೊತ್ತು. ಡಾಕ್ಟರ್ ಬಾಗಿಲು ತೆಗೆದು ಬರುತ್ತಾರೆ, ಮಾಸ್ಕ್ ಇಳಿಸುತ್ತಾರೆ, 'ನಾಳೆ ಬೆಳಗ್ಗೆಯೊಳಗೆ ಇಪ್ಪತ್ತು ಲಕ್ಷ ಕಟ್ಟಬೇಕು, ಇಲ್ಲ ಅಂದರೆ ನಿಮ್ಮ ತಾಯಿ ಉಳಿಯಲ್ಲ' ಅಂತಾರೆ. ನಾಯಕಿ ಮಳೆಯಲ್ಲಿ ಓಡುತ್ತಾಳೆ, ದೇವಸ್ಥಾನದ ಗಂಟೆ ಹೊಡೆಯುತ್ತಾಳೆ, ಕೊನೆಗೆ ಶ್ರೀಮಂತನ ಮನೆಗೆ ಹೋಗಿ ಒಪ್ಪಂದದ ಮದುವೆಗೆ ಸಹಿ ಹಾಕುತ್ತಾಳೆ. ಯಾವ ಕಾಯಿಲೆ, ಯಾವ ಆಪರೇಷನ್, ಇಪ್ಪತ್ತು ಲಕ್ಷ ಯಾತಕ್ಕೆ ಅಂತ ಒಬ್ಬರೂ ಕೇಳಲ್ಲ. ಸರ್ಕಾರಿ ಆಸ್ಪತ್ರೆ ಅನ್ನೋದೊಂದು ಇದೆ ಅಂತ ಆ ಊರಿನಲ್ಲಿ ಯಾರಿಗೂ ಗೊತ್ತಿಲ್ಲ.

ನಮ್ಮ ಅತ್ತೆ ಊರಲ್ಲಿ ಇದನ್ನೇ ನೋಡುತ್ತಿದ್ದರು. ಅವರಿಗೆ ಎದೆನೋವು ಶುರುವಾಗಿದ್ದು ಒಂದು ಭಾನುವಾರ. ನಮಗೆ ಹೇಳಿದ್ದು ಗುರುವಾರ. ನಾಲ್ಕು ದಿನ ಶುಂಠಿ ಕಷಾಯ ಕುಡಿದು, ಗ್ಯಾಸ್ಟ್ರಿಕ್ ಅಂತ ನಾದಿನಿಗೆ ಸುಳ್ಳು ಹೇಳಿ, ಒಬ್ಬರೇ ಮಲಗಿದ್ದರು. ಗುರುವಾರ ಬೆಳಗ್ಗೆ ಬಚ್ಚಲಲ್ಲಿ ಕುಸಿದ ಮೇಲೆ ಪಕ್ಕದ ಮನೆಯವರು ಫೋನ್ ಮಾಡಿದರು. ಎಲ್ಲಾ ಮುಗಿದು ಮನೆಗೆ ಬಂದ ಮೇಲೆ ಯಾಕಮ್ಮ ಹೇಳಲಿಲ್ಲ ಅಂತ ನಾನು ಕೇಳಿದೆ. 'ಹಾರ್ಟಿನ ಆಪರೇಷನ್ ಅಂದ್ರೆ ಇಪ್ಪತ್ತು ಲಕ್ಷ ಅಲ್ವೇನವ್ವ, ನಿಮ್ಮನ್ನ ಬೀದಿಗೆ ತಳ್ಳಬಾರದು ಅಂತ ಸುಮ್ನಿದ್ದೆ' ಅಂದರು. ಇಪ್ಪತ್ತು ಲಕ್ಷ ಅನ್ನೋ ಅಂಕಿ ಅವರಿಗೆ ಯಾವ ಡಾಕ್ಟರೂ ಹೇಳಿದ್ದಲ್ಲ. ಅದು ಸಂಜೆ ಏಳೂವರೆಯಲ್ಲಿ ಕೇಳಿದ್ದು.

ನಿಜವಾದ ಲೆಕ್ಕ ಬರೆಯುತ್ತೇನೆ, ಯಾರಿಗಾದರೂ ಬೇಕಾಗಬಹುದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಸರ್ಕಾರದ್ದು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಅತ್ತೆಗೆ ಬಿಪಿಎಲ್ ಕಾರ್ಡ್ ಇತ್ತು. ಹೃದಯಕ್ಕೆ ಹಾಕುವ ಸ್ಟೆಂಟ್‌ಗೂ ಬೆಲೆಯ ಮಿತಿ ಇದೆ. 2017ರ ಫೆಬ್ರವರಿಯಲ್ಲಿ ಕೇಂದ್ರದವರು ಮೊದಲ ಸಲ ಮಿತಿ ಹಾಕಿದಾಗ ಔಷಧ ಲೇಪಿಸಿದ ಸ್ಟೆಂಟ್‌ಗೆ 29,600 ರೂಪಾಯಿ ಅಂತ ಇತ್ತು, ಅದಕ್ಕೆ ಮೊದಲು ಲಕ್ಷ ದಾಟಿ ಮಾರುತ್ತಿದ್ದರು. ಈಗ ಆ ಮಿತಿ ಸ್ವಲ್ಪ ಏರಿದೆ, ಆದರೂ ಇಪ್ಪತ್ತು ಲಕ್ಷದ ಹತ್ತಿರಕ್ಕೂ ಬರಲ್ಲ. ಅತ್ತೆಯ ಸ್ಟೆಂಟ್ ಯೋಜನೆಯಲ್ಲೇ ಆಯ್ತು. ನಮ್ಮ ಕೈಯಿಂದ ಹೋಗಿದ್ದು 23,400. ಅದರಲ್ಲಿ ಆಪರೇಷನ್ ಖರ್ಚು ಇಲ್ಲ. ಊರಿಂದ ಬಂದ ಕಾರಿನ ಬಾಡಿಗೆ, ಹೊರಗೆ ಮಾಡಿಸಿದ ಎರಡು ಟೆಸ್ಟು, ಜೊತೆಗಿದ್ದವರ ಊಟ, ಯಜಮಾನರಿಗೆ ಸಂಬಳ ಇಲ್ಲದ ಆರು ದಿನ ರಜೆ. ಆಮೇಲೆ ಪ್ರತಿ ತಿಂಗಳ ಮಾತ್ರೆ. ಒಂದು ಮನೆಯನ್ನು ಸುಸ್ತು ಮಾಡೋದು ಆ ಸಣ್ಣ ಸಣ್ಣ ಖರ್ಚು. ನನ್ನ ಒಂದು ಜೊತೆ ಬಳೆ ಇನ್ನೂ ಸೊಸೈಟಿಯಲ್ಲಿ ಅಡವಿದೆ, ಬಡ್ಡಿ ಸಮೇತ ಬರುವ ಯುಗಾದಿಗೆ ಬಿಡಿಸಿಕೊಳ್ಳುತ್ತೇನೆ.

ಬಿಲ್ ಕಟ್ಟದೆ ಹೆಣ ಕೊಡಲ್ಲ ಅನ್ನೋ ದೃಶ್ಯವನ್ನೂ ಈ ಮೂರು ತಿಂಗಳಲ್ಲಿ ನೋಡಿದೆ. ಬಾಕಿ ಇದೆ ಅಂತ ಮೃತದೇಹ ಹಿಡಿದಿಟ್ಟುಕೊಳ್ಳೋ ಹಾಗಿಲ್ಲ ಅಂತ ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲೇ ತಿದ್ದುಪಡಿ ಬಂದಿದೆ. ಆ ದೃಶ್ಯದಲ್ಲಿ ಪಕ್ಕದ ಬೆಂಚಿನ ಒಬ್ಬರು 'ಹಾಗೆ ಹಿಡಿಯೋಕೆ ಬರಲ್ಲಮ್ಮ' ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಷ್ಟು ಜನ ಒಟ್ಟಿಗೆ ಕೂತು ನೋಡೋ ಹೊತ್ತಿನಲ್ಲಿ ಆ ಒಂದು ಮಾತು ಎಷ್ಟು ಮನೆಗೆ ತಲುಪುತ್ತಿತ್ತು ಅಂತ ಯೋಚಿಸಿ.

ಇದು ಕಥೆ, ಕಥೆಯಲ್ಲಿ ಲೆಕ್ಕ ಹುಡುಕಬಾರದು ಅಂತ ನಮ್ಮ ಯಜಮಾನರು ಹೇಳುತ್ತಾರೆ. ದಿನವೆಲ್ಲ ದುಡಿದು ಬಂದವರಿಗೆ ಅರ್ಧ ಗಂಟೆ ಬಂಗಲೆ ನೋಡುವ ಆಸೆ ಇರುತ್ತೆ, ಬಾಡಿಗೆ ಗೋಳು ಯಾರಿಗೆ ಬೇಕು ಅಂತ. ಆ ಮಾತು ನನಗೂ ಅರ್ಥ ಆಗುತ್ತೆ, ಒಳ್ಳೇ ಸೀರೆ ಕಂಡರೆ ನಾನೂ ನೋಡುತ್ತೇನೆ. ಆದರೆ ಬಂಗಲೆ ನೋಡಿ ಯಾರೂ ನಾಲ್ಕು ದಿನ ಎದೆನೋವು ಮುಚ್ಚಿಡಲಿಲ್ಲ. ಅಂಕಿ ಕೇಳಿ ಮುಚ್ಚಿಟ್ಟರು.

ಹಾಗಾದರೆ ಈ ಪ್ಯಾಕ್ ಹಾಕಿಸಬೇಕಾ? ಮನೆಯಲ್ಲಿ ಒಬ್ಬರೇ ಕೂರುವ ಹಿರಿಯರಿದ್ದರೆ ಹಾಕಿಸಿ. 340 ರೂಪಾಯಿಗೆ ಅವರಿಗೆ ದಿನವಿಡೀ ಮನುಷ್ಯರ ದನಿ ಸಿಗುತ್ತೆ, ಅದು ಸಣ್ಣದಲ್ಲ. ಕನೆಕ್ಷನ್‌ಗೆ ಐದಕ್ಕೆ ನಾಲ್ಕು ನಕ್ಷತ್ರ, ನಟರ ಕೆಲಸಕ್ಕೂ ನಾಲ್ಕು, ಅವರು ನಿಜವಾಗಿ ಕಷ್ಟಪಡುತ್ತಾರೆ. ದುಡ್ಡನ್ನು ತೋರಿಸುವ ರೀತಿಗೆ ಒಂದೂ ಕೊಡಲಾರೆ. ಆದರೆ ದಯವಿಟ್ಟು ಅವರ ಪಕ್ಕ ಅರ್ಧ ಗಂಟೆಯಾದರೂ ಕೂರಿ. ಅವರು ಏನು ಅಂಕಿ ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಗೊತ್ತಾಗಲಿ. ಮನೆಯಲ್ಲಿ ಕಾರ್ಡ್ ಎಲ್ಲಿದೆ, ಏನಾದರೂ ಆದರೆ ಮೊದಲು ಯಾವ ಆಸ್ಪತ್ರೆಗೆ ಹೋಗಬೇಕು ಅಂತ ಹೇಳಿಡಿ. ನಾವು ಹೇಳಿರಲಿಲ್ಲ.

ಹೋದ ವಾರ ಮತ್ತೆ ಅದೇ ದೃಶ್ಯ ಬಂತು, ಬೇರೆ ಸೀರಿಯಲ್, ಬೇರೆ ಡಾಕ್ಟರ್, ಈ ಸಲ ಇಪ್ಪತ್ತೈದು ಲಕ್ಷ. ನಾನು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದೆ. ಹೊರಗೆ ಹಾಲ್‌ನಿಂದ ಅತ್ತೆಯ ದನಿ ಕೇಳಿಸಿತು, ಟಿವಿಯ ಹುಡುಗಿಗೆ ಹೇಳುತ್ತಿದ್ದರು: 'ಅಳಬೇಡ ಕಣವ್ವ, ಮೊದಲು ಕಾರ್ಡ್ ಇದೆಯಾ ನೋಡು.'